ಷರತ್ತಿನ ಮೇಲೆ ಮಿಕ್ಸಿ

ಚರ್ಚಾಸ್ಪರ್ಧೆಯ ಚಟ ಹತ್ತಿದವನಿಗೆ ಸ್ವಂತ ಅಭಿಪ್ರಾಯ ಇರುವುದಿಲ್ಲ, ಒಪ್ಪಿಕೊಂಡುಬಿಡುತ್ತೇನೆ. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಯಾದಗಿರಿಯ ಸ್ಪರ್ಧೆಗೆ ಈ ಸಲದ ವಿಷಯ: ಕಮ್ಯುನಿಸಂ ಬಿಟ್ಟು ಮಾರುಕಟ್ಟೆಯ ದಾರಿ ಹಿಡಿದ ದೇಶಗಳಿಗೆ ಅಂತರರಾಷ್ಟ್ರೀಯ ಅಭಿವೃದ್ಧಿ ಬ್ಯಾಂಕುಗಳು ಷರತ್ತು ಹಾಕಿ ಸಾಲ ಕೊಡುವುದು ಸರಿಯೇ? ನಷ್ಟದ ಕಾರ್ಖಾನೆ ಮುಚ್ಚು, ಪುಕ್ಕಟೆ ಕೊಡುವುದು ನಿಲ್ಲಿಸು, ಆಮೇಲೆ ಹಣ ತಗೋ ಎನ್ನುವ ಸಾಲ. ನನಗೆ ಪರ ಬಂದಿತ್ತು. ಆ ದೇಶಗಳನ್ನು ನಾನು ಕಂಡವನಲ್ಲ. ಸುರಪುರದ ನಮ್ಮ ಮನೆಯೇ ಸಾಕಿತ್ತು. ಮೊನ್ನೆಮೊನ್ನೆಯವರೆಗೆ ಹದಿಮೂರು ಮಂದಿಗೆ ಒಂದೇ ಒಲೆ. ಹೊಲಕ್ಕೆ ಹೋದವನಿಗೂ ಎರಡು ರೊಟ್ಟಿ, ಕಟ್ಟೆಯ ಮೇಲೆ ಕೂತು ವಾದ ಮಾಡಿದವನಿಗೂ ಎರಡು ರೊಟ್ಟಿ. ಎರಡನೆಯವನು ನಾನೇ. ಯುಗಾದಿ ಮುಗಿದ ಮೇಲೆ ಅಪ್ಪ, ಚಿಗಪ್ಪ ಜಗಳವಿಲ್ಲದೆ ಬೇರೆಯಾದರು. ಮಿಕ್ಸಿ ನಮ್ಮ ಪಾಲಿಗೆ ಬಂತು, ರೊಟ್ಟಿ ಬಡಿಯುವ ಚಿಗವ್ವ ಗೋಡೆಯಾಚೆ ಹೋದಳು. ಅವ್ವನ ರೊಟ್ಟಿಯ ಬಗ್ಗೆ ಮಗನಾದವನು ಮಾತಾಡಬಾರದು. ಮಧ್ಯಾಹ್ನವಾದರೆ ತಾಟು ಹಿಡಿದು ಆಚೆ ಮನೆಗೆ ಹೋಗುತ್ತಿದ್ದೆ. ನನ್ನ ಬದುಕು ನಿಂತದ್ದೇ ಚಿಗವ್ವನ ಎರಡು ರೊಟ್ಟಿ ಮತ್ತು ಪುಂಡಿಪಲ್ಯದ ಮೇಲೆ.

ಸ್ಪರ್ಧೆಯ ಹಿಂದಿನ ಸಂಜೆ ಚಿಗವ್ವ ಮಿಕ್ಸಿ ಕೇಳಲು ಬಂದಳು. ಅವ್ವ ಎತ್ತಿ ಕೊಡುವಷ್ಟರಲ್ಲಿ ನಾನು ಅಡ್ಡ ಬಂದೆ.

"ಹಂಗ ಕೊಟ್ರ ಸುಧಾರಣಿ ಆಗಂಗಿಲ್ಲ ಚಿಗವ್ವ. ಷರತ್ತು ಅದಾವ."

"ಏನಪಾ ಅವು?"

"ಕೆಲಸ ಮಾಡದವ್ರಿಗೆ ಪುಕ್ಕಟೆ ಊಟ ಬಂದ್ ಮಾಡಬೇಕು."

"ಇವನ ಮಾತೇನ್ ಕೇಳ್ತಿ, ಒಯ್ಯಿ," ಎಂದಳು ಅವ್ವ. ಚಿಗವ್ವ ಮಾತ್ರ ಗಂಭೀರವಾಗಿ, "ಖರೇ ಹೇಳ್ತಾನ ಅಕ್ಕಾ. ಒಪ್ಪಿದೆ," ಎಂದು ಮಿಕ್ಸಿ ಬಗಲಲ್ಲಿ ಇಟ್ಟುಕೊಂಡು ನಡೆದಳು. ಸಾಲ ಕೇಳಿದವರು ಇಷ್ಟು ಸುಲಭಕ್ಕೆ ಒಪ್ಪಿದರೆ ಬ್ಯಾಂಕಿಗೆ ಅನುಮಾನ ಬರಬೇಕು. ನನಗೆ ಬರಲಿಲ್ಲ. ಬೆಳಿಗ್ಗೆ ಬಸ್ಸು ಶಹಾಪುರ ದಾಟುವವರೆಗೂ ಇದೇ ಉದಾಹರಣೆಯನ್ನು ತಿದ್ದಿ ತೀಡಿ, ಯಾದಗಿರಿಯಲ್ಲಿ ಮೊದಲ ಬಹುಮಾನ ಗೆದ್ದು ಬಂದೆ.

ಮರುದಿನ ತಾಟು ಹಿಡಿದು ಹೋದರೆ ಚಿಗವ್ವ ಜೋಳದ ಹಿಟ್ಟಿನ ಪರಾತವನ್ನು ನನ್ನತ್ತ ಸರಿಸಿದಳು. "ಕೂಡು. ಮೊದಲ ಬಡಿ, ಆಮ್ಯಾಲ ಉಣ್ಣು."

"ನನಗ ಬರಂಗಿಲ್ಲ."

"ಕಲಿ."

ನಾನು ಬಡಿದ ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಐದಾರು ಸ್ವತಂತ್ರ ದೇಶಗಳಾಗಿತ್ತು. ಆಗ ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ವಾದಕ್ಕೆ ನಿಂತೆ. ಷರತ್ತು ಹಾಕುವುದು ದಬ್ಬಾಳಿಕೆ. ಬದಲಾಗುತ್ತಿರುವ ಮನೆಗೆ ಕಾಲಾವಕಾಶ ಬೇಕು. ಹಸಿದವನಿಗೆ ಸುಧಾರಣೆ ಬೋಧಿಸುವುದು ಅಮಾನವೀಯ. ಯಾದಗಿರಿಯಲ್ಲಿ ಆಡಿದ್ದಕ್ಕಿಂತ ಎಷ್ಟೋ ಮೇಲಾದ ಭಾಷಣ. ಆಡಿದ ಒಂದೊಂದು ಮಾತನ್ನೂ ನಾನೇ ನಂಬಿದ್ದೆ. ಚಿಗವ್ವ ಪೂರ್ತಿ ಕೇಳಿದಳು.

"ಚಲೋ ಮಾತಾಡ್ತಿ ತಮ್ಮಾ," ಎಂದಳು. "ಹಂಗ ಮಾತಾಡ್ಕೋತ ಬಡಿ. ಹಿಟ್ಟು ಒಣಗಾಕತ್ತೈತಿ."