ಮೂರು ಶಬ್ದಗಳ ಮೇಲೆ ಗುಮಾನಿ

ಇಂಗ್ಲಿಷ್ ಕಲಿಸುವವನನ್ನು ನಮ್ಮ ಕಡೆ ಕಳ್ಳನಿಗಿಂತ ಹೆಚ್ಚು ಗುಮಾನಿಯಿಂದ ನೋಡುತ್ತಾರೆ, ಹಾಗಾಗಿ ನನ್ನ ಬಾಳಿನಲ್ಲಿ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಠಾಣಾ ಕುಶನೂರಿನ ನಮ್ಮ ಮನೆಯ ಮುಂದಿನ ಖೋಲಿಯೇ ನನ್ನ ಕ್ಲಾಸು. ಮೊದಲ ಪಾಠ: ಕೇಳುವಾಗ ಪ್ಲೀಸ್, ತಪ್ಪಾದಾಗ ಸಾರಿ, ಕೆಲಸ ಆದಮೇಲೆ ಥ್ಯಾಂಕ್ಯೂ. ಇಷ್ಟು ಸಲೀಸಾಗಿ ಕಲಿಸುವವನು ಔರಾದ ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ಅಪ್ಪನಿಗೆ ಮಾತ್ರ ನಂಬಿಕೆಯಿಲ್ಲ. "ತೊಗರಿ ರಾಶಿ ಆಗೂದ್ರಾಗ ಒಬ್ಬರರೆ ಆ ಮೂರು ಮಾತು ಆಡಿ ಕೆಲಸ ಮಾಡಸ್ಕೊಂಡು ತೋರಸ್ಲಿ. ಇಲ್ಲಂದ್ರ ಖೋಲಿ ಬಿಡು, ಚೀಲ ಇಡೂದದ."

ರೊಟ್ಟಿಗೆ ಥ್ಯಾಂಕ್ಯೂ

ಹೊಸದಾಗಿ ಮದುವೆಯಾದ ನನ್ನ ಶಿಷ್ಯನೊಬ್ಬ ಹೆಂಡತಿ ರೊಟ್ಟಿ ಬಡಿಸಿದಾಗ ಥ್ಯಾಂಕ್ಯೂ ಅಂದ. ಅವಳು ಬುಟ್ಟಿ ಕೆಳಗಿಟ್ಟಳು. "ಏನ್ ಮಾಡಿ ಬಂದೀರಿ? ಖರೆ ಹೇಳ್ರಿ."

"ಏನೂ ಇಲ್ಲ."

"ಏನೂ ಇಲ್ಲದಕ್ಕ ಯಾರರೆ ಹೆಂಡತಿಗಿ ಹಂಗಂತಾರೇನು?"

ಮರುದಿನವೇ ಭಾಲ್ಕಿಯಿಂದ ಮಾವ ಬಂದರು. "ಅಳಿಯಾರ, ಮನಿಯಾಕಿಗಿ ಹೊರಗಿನೋರಿಗಿ ಹೇಳ್ದಂಗ ಹೇಳ್ತೀರಂತ. ನಮ್ಮ ಹುಡುಗಿನ್ನ ವಾಪಸ್ ಕಳಸೂ ವಿಚಾರ ಅದನ್ರಿ?"

ಶಿಷ್ಯ ಹೆಂಡತಿಯನ್ನು ಉಳಿಸಿಕೊಂಡ, ಕ್ಲಾಸು ಬಿಟ್ಟ.

ಜೇಬಿನ ಸಾರಿ

ಬೀದರಿನ ಕಾಳುಕಡಿ ಪೇಟೆ ಗಾಂಧಿ ಗಂಜ್‌ನಲ್ಲಿ ಇನ್ನೊಬ್ಬ ಶಿಷ್ಯನ ಭುಜ ಯಾರಿಗೋ ತಾಗಿತು. ಸಾರಿ ಅಂದ. ಆ ಮನುಷ್ಯ ಮೊದಲು ಅಂಗಿಯ ಜೇಬು ಮುಟ್ಟಿಕೊಂಡ, ಆಮೇಲೆ ಪ್ಯಾಂಟಿನದು. ಎಲ್ಲಾ ಇದ್ದಲ್ಲೇ ಇತ್ತು. ಗುಮಾನಿ ಮತ್ತೂ ಜಾಸ್ತಿಯಾಯಿತು.

"ಎಲ್ಲಾ ಅದ. ಮತ್ಯಾಕ ಸಾರಿ ಅಂದಿ?"

ಹಮಾಲರೆಲ್ಲ ಸುತ್ತ ನೆರೆದರು. ಜೊತೆಗಿದ್ದ ನಾನು ಸುಮ್ಮನಿರುವವನೇ? ಮುಂದೆ ಬಂದು ಪಕ್ಕಾ ಇಂಗ್ಲಿಷಿನಲ್ಲೇ ಸಮಜಾಯಿಷಿ ಕೊಟ್ಟೆ.

ಆಮೇಲೆ ನನ್ನ ಜೇಬನ್ನೂ ತಪಾಸು ಮಾಡಿದರು.

ಅಪ್ಪನ ಪ್ಲೀಸ್

ರಾಶಿ ಮುಗಿಯುತ್ತ ಬಂತು. ಒಂದು ಮುಂಜಾನೆ ಅಪ್ಪ, "ಔರಾದಿಗಿ ಹೋಗಿ ಗೊಬ್ಬರದ ರೇಟ್ ಕೇಳ್ಕೊಂಡು ಬಾ. ಪ್ಲೀಸ್," ಅಂದ. ಹುಟ್ಟಿದಾಗಿನಿಂದ ನನ್ನನ್ನು "ಏ" ಅಂತ ಕರೆದ ಮನುಷ್ಯ. ನನಗೆ ಎಲ್ಲೋ ಹೆಣ್ಣು ನೋಡಿದ್ದಾನೆ ಅನ್ನುವ ಗುಮಾನಿಯಲ್ಲೇ ಹೋಗಿಬಂದೆ. ಬಂದು ನೋಡಿದರೆ ಕ್ಲಾಸಿನ ತುಂಬಾ ತೊಗರಿ ಚೀಲ, ನನ್ನ ಬೋರ್ಡು ಬೇವಿನ ಗಿಡದ ಬುಡದಲ್ಲಿ.

"ಸಾರಿ," ಅಂದ ಅಪ್ಪ.

ನಾನೇನು ಕಡಿಮೆಯೇ? ತಕ್ಷಣ ಹಿಡಿದೆ. "ಅಪ್ಪಾ, ಪ್ಲೀಸ್ ಅಂದಿ, ನಾ ಹೋದೆ. ತಪ್ಪು ಮಾಡಿದಿ, ಸಾರಿ ಅಂದಿ. ನೀನೇ ಕಲತಿ. ಶರ್ತು ನಾ ಗೆದ್ದೆ."

ಅಪ್ಪ ಗಡ್ಡ ಕೆರೆದುಕೊಂಡ. "ಇನ್ನೊಂದು ಮಾತು ಬಾಕಿ ಅದ. ಇರ್ಲಿ, ಖೋಲಿ ನಿಂದೇ. ಚೀಲ ನೀನೇ ಹೊರಗ ಹಾಕು."

ಗೆದ್ದ ಹುಮ್ಮಸ್ಸಿನಲ್ಲಿ ಒಬ್ಬನೇ ಎಲ್ಲಾ ಚೀಲ ಹೊತ್ತು ಹಾದಿಯ ಬದಿಗೆ ಒಟ್ಟಿದೆ. ಕೊನೆಯದನ್ನು ಇಳಿಸಿ ಸೊಂಟ ಹಿಡಿದು ನಿಂತಾಗ ಗಾಂಧಿ ಗಂಜ್‌ಗೆ ಹೋಗುವ ಲಾರಿ ಬಂದು ಚೀಲಗಳ ಪಕ್ಕಕ್ಕೇ ನಿಂತಿತು. ಅಪ್ಪ ಲಾರಿಗೆ ಮೊದಲೇ ಹೇಳಿಟ್ಟಿದ್ದ. ಹಮಾಲರಿಗೆ ಮಾತ್ರ ಹೇಳಿರಲಿಲ್ಲ.

ನನ್ನ ಬೆನ್ನು ತಟ್ಟಿ ಅಂದ, "ಥ್ಯಾಂಕ್ಯೂ."

ಮೂರೂ ಶಬ್ದ, ಒಂದೂ ತಪ್ಪಿಲ್ಲ. ಅಂಥ ಮೇಷ್ಟ್ರು ನಾನು.