ಎಲೆಯಲ್ಲಿ ಜಾಗ ಸಿಗದ ಪಾಸ್ತಾ

ಅಡುಗೆ ಬಲ್ಲವರು ಒಲೆಯ ಮುಂದೆ ನಿಂತರೆ ಅಡುಗೆಯಾಗುತ್ತದೆ, ನಾನು ನಿಂತರೆ ಏನಾದರೊಂದು ಪ್ರಸಂಗವಾಗುತ್ತದೆ. ಇದು ಇಂದು ನಿನ್ನೆಯ ಕತೆಯಲ್ಲ. ಆದರೂ ಒಂದೇ ಪದಾರ್ಥವನ್ನು ಕಟ್ಟಿಕೊಂಡು, ಒಂದೇ ಬೇಸಿಗೆಯಲ್ಲಿ, ಭಟ್ಕಳದಿಂದ ಕುಮಟೆಯವರೆಗೆ ಮೂರು ಊರಲ್ಲಿ ಮಾನ ಕಳೆದುಕೊಂಡದ್ದು ಆ ಒಂದು ವರ್ಷ ಮಾತ್ರ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಭಟ್ಕಳದ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ನನ್ನವರೂ ಮಾಸ್ತರರೇ. ತವರು ಕುಮಟೆ, ಗಂಡನ ಮನೆ ಹೊನ್ನಾವರ. ಪ್ರತಿ ಮೇ ತಿಂಗಳು ಹೊನ್ನಾವರದ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕುಟುಂಬದವರೆಲ್ಲ ಸೇರುತ್ತಿದ್ದರು. ಅಡುಗೆಮನೆಯ ದರ್ಬಾರು ನನ್ನ ಹಿರಿಯ ಓರಗಿತ್ತಿಯದು, ಅವರನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತಿದ್ದೆವು. ಒಬ್ಬೊಬ್ಬ ಸೊಸೆಗೆ ಒಂದೊಂದು ಪದಾರ್ಥ ಹಂಚುವವರು ಅವರೇ. ಕಿರಿಸೊಸೆಯಾದ ನನಗೆ ಮಾತ್ರ ಮದುವೆಯಾದ ಎಂಟು ವರ್ಷವೂ ತೆಂಗಿನಕಾಯಿ ತುರಿಯುವ ಕೆಲಸ.

"ನೌಕರಿ ಮಾಡೋಳಿಗೆ ಅಡುಗೆ ಎಲ್ಲಿಂದ ಬರ್ಬೇಕು? ನೀ ಕಾಯಿ ಹೆರದ್ರೆ ಆತು" ಎನ್ನುತ್ತಿದ್ದರು.

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಆ ಪಂಕ್ತಿಯ ಎಲೆಯ ಮೇಲೆ ಒಂದೇ ಒಂದು ಸಲ ನಾನು ಮಾಡಿದ್ದು ಬೀಳಬೇಕು, ಯಾರಾದರೂ ಒಬ್ಬರು ಅದನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳಬೇಕು. ನನ್ನ ಆಸೆ ಅಷ್ಟೇ ಇತ್ತು.

೧. ತಾರಸಿಯ ಮೇಲಿನ ಬಟ್ಟಲು

ಭಟ್ಕಳದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿ ಮನೆಯೊಡತಿ ಭಾಭಿ ಇರುತ್ತಿದ್ದರು. ಅವರ ಯಜಮಾನರು ದುಬೈಯಲ್ಲಿ. ಏಪ್ರಿಲ್ ಸೆಕೆ ಏರಿತೆಂದರೆ ಭಾಭಿ ಸಂಜೆಹೊತ್ತು ಓಣಿಯ ಹೆಂಗಸರನ್ನೆಲ್ಲ ತಾರಸಿಗೆ ಕರೆಯುತ್ತಿದ್ದರು. ಚಾಪೆ ಹಾಸಿ, ನೀರು ಚಿಮುಕಿಸಿ, ಸಮುದ್ರದ ಕಡೆಯ ಗಾಳಿಗೆ ಮುಖವೊಡ್ಡಿ ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ.

ಅಂಥ ಒಂದು ಸಂಜೆ ಅವರು ಗಾಜಿನ ಬಟ್ಟಲಲ್ಲಿ ತಣ್ಣಗಿನ ಏನನ್ನೋ ತಂದಿಟ್ಟರು. ಚಿಪ್ಪಿನ ಆಕಾರದ ಬಿಳಿ ತುಂಡುಗಳು, ನಡುವೆ ಅನಾನಸು, ಒಣದ್ರಾಕ್ಷಿ, ದೊಣ್ಣೆಮೆಣಸು. ಮೇಲೆ ಕಾಳುಮೆಣಸಿನ ಪುಡಿ.

"ಪಾಸ್ತಾ ಸಲಾಡ್. ತಿನ್ನಿ ಟೀಚರ್" ಎಂದರು.

ಮೊದಲ ಚಮಚ ಮರ್ಯಾದೆಗೆ ತಿಂದೆ. ನಾಲಿಗೆಗೆ ಸಿಹಿ ಸಿಕ್ಕಿತು. ಪಾಯಸದ ಜಾತಿ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಹುಳಿ ಬಂತು. ಕೋಸಂಬರಿಯೇ ಸರಿ ಎಂದುಕೊಂಡರೆ ಗಂಟಲಲ್ಲಿ ಮೆಣಸು ಚುರ್ ಎಂದಿತು. ಇದು ಯಾವ ಜಾತಿ ಎಂದು ತೀರ್ಮಾನಿಸಲೆಂದೇ ಎರಡನೇ ಬಟ್ಟಲು ಹಾಕಿಸಿಕೊಂಡೆ. ಆಗಲೂ ತೀರ್ಮಾನವಾಗಲಿಲ್ಲ, ಮೂರನೆಯದೂ ಆಯಿತು.

ನಾಲ್ಕನೇ ಸಲ ಬಟ್ಟಲು ಮುಂದೆ ಹಿಡಿದಾಗ ಭಾಭಿ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಟೀಚರ್, ಬಿರಿಯಾನಿ ಇನ್ನೂ ಕೆಳಗೇ ಅದೆ."

೨. ಕುಚಲಕ್ಕಿಯ ಲೆಕ್ಕ

ದೊಡ್ಡಕ್ಕನ ಮುಂದಿಡಬೇಕಾದ ಪದಾರ್ಥ ಇದೇ ಎಂದು ಆ ರಾತ್ರಿಯೇ ನಿಶ್ಚಯಿಸಿದೆ. ಅವರಿಗೂ ಬರದ್ದು, ಊರಲ್ಲಿ ಯಾರೂ ಕಾಣದ್ದು. ಭಾಭಿ ಉದಾರಿ, ಒಂದು ದೊಡ್ಡ ಚೀಲ ಪಾಸ್ತಾ ಕೊಟ್ಟೇಬಿಟ್ಟರು. ಅವರು ಅದಕ್ಕೆ ಬೆರೆಸುವ ಬಾಟಲಿಯ ಬಿಳಿ ಸಾಸು ಮಾತ್ರ ಬೇಡ ಎಂದರು.

"ಅದರಲ್ಲಿ ಮೊಟ್ಟೆ ಅದೆ, ನಿಮ್ಮ ಪೂಜೆಗೆ ಆಗೂದಿಲ್ಲ. ಗಟ್ಟಿ ಮೊಸರು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಸ್ವಲ್ಪ ಜೇನು ಹಾಕಿ."

"ಪಾಸ್ತಾ ಎಷ್ಟು ಬೇಯಿಸ್ಬೇಕು?"

"ಬೇಯುವಷ್ಟು."

ಇದರಲ್ಲಿ ಭಾಭಿಯ ತಪ್ಪಿಲ್ಲ. ನಮ್ಮ ಕರಾವಳಿಯವರಿಗೆ ಬೇಯಿಸುವುದೆಂದರೆ ಕುಚಲಕ್ಕಿ ಬೇಯಿಸಿದ ಹಾಗೆ. ಪಾತ್ರೆ ಒಲೆಯ ಮೇಲಿಟ್ಟು, ಮಿಂದು, ಬಟ್ಟೆ ಒಗೆದು, ಪಕ್ಕದ ಮನೆಯವರ ಹತ್ತಿರ ಎರಡು ಮಾತಾಡಿ ಬಂದರೂ ಅಕ್ಕಿ ಇನ್ನೂ ಕಲ್ಲಿನಂತೆಯೇ ಇರುತ್ತದೆ. ನಾನೂ ಹಾಗೆಯೇ ಪಾಸ್ತಾವನ್ನು ಒಲೆಗೇರಿಸಿ, ಮಿಂದು, ಬಟ್ಟೆ ಒಗೆದು, ಒಂಬತ್ತನೇ ತರಗತಿಯ ಅರ್ಧ ಕಟ್ಟು ಉತ್ತರಪತ್ರಿಕೆ ತಿದ್ದಿ ಬಂದೆ.

ಪಾತ್ರೆಯಲ್ಲಿ ಚಿಪ್ಪು ಹೋಗಲಿ, ಚಿಪ್ಪಿನ ಗುರುತೂ ಇರಲಿಲ್ಲ. ಸೌಟು ಹಾಕಿದರೆ ಸೌಟು ನೆಟ್ಟಗೆ ನಿಂತಿತು. ಎಳೆದರೆ ಪಾತ್ರೆಯೂ ಜೊತೆಗೆ ಎದ್ದು ಬಂತು. ನನ್ನವರು ಬಂದು ಇಣುಕಿದರು. ಬೆರಳಿಗೆ ಚೂರು ಹಚ್ಚಿಕೊಂಡು, ಎರಡು ಬೆರಳು ಒತ್ತಿ, ಬಿಡಿಸಿ ನೋಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ಮುಖದಲ್ಲಿ ಏನೋ ಬೆಳಕು ಕಾಣಿಸಿತು.

"ಬಿಸಾಡ್ಬೇಡ ಮಾರಾಯ್ತಿ, ಡಬ್ಬಿಗೆ ತುಂಬು" ಎಂದರು.

ಅವರ ಶಾಲೆಯ ಗೋಡೆಗಳ ಮೇಲೆ ಭಾರತದ ನಕ್ಷೆಯೂ ಮಾನವನ ಜೀರ್ಣಾಂಗವೂ ನನ್ನ ಮೊದಲ ಪಾಸ್ತಾದ ಬಲದಿಂದ ಎರಡು ಮಳೆಗಾಲ ಅಲ್ಲಾಡದೆ ನಿಂತವು.

೩. ಹಿತ್ತಲ ಮೊಳೆಯ ಗಂಟು

ರಜೆ ಶುರುವಾಗಿ ಮೇ ಬಂತು. ಪೂಜೆಗೆ ಇನ್ನೂ ಹತ್ತು ದಿನ ಇತ್ತು. ಎರಡನೇ ಪ್ರಯೋಗಕ್ಕೆ ತವರೇ ಕ್ಷೇಮ ಎಂದು ಕುಮಟೆಗೆ ಬಂದೆ. ಈ ಸಲ ಗಡಿಯಾರ ನೋಡಿಕೊಂಡು ಬೇಯಿಸುವವಳು. ಮೊದಲು ಮೊಸರಿನ ಕೆಲಸ ಮುಗಿಸೋಣವೆಂದು ಒಂದು ಸೇರು ಮೊಸರನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಹಿತ್ತಲ ಜಗಲಿಯ ಮೊಳೆಗೆ ತೂಗುಹಾಕಿ, ಕೆಳಗೆ ಪಾತ್ರೆ ಇಟ್ಟು ಮಲಗಿದೆ.

ಎದ್ದು ನೋಡಿದರೆ ಪಾತ್ರೆ ಇದೆ, ಗಂಟಿಲ್ಲ.

ಅಪ್ಪನಿಗೆ ಆ ವರ್ಷ ಮಂಡಿನೋವು ಜೋರು. ನಾಟಿ ಪಂಡಿತರೊಬ್ಬರು ಬೇರು, ಎಲೆ ಜಜ್ಜಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದರು. ಅಮ್ಮ ಅದನ್ನು ಅದೇ ಮೊಳೆಗೆ ತೂಗುಹಾಕುವುದು ರೂಢಿಯಂತೆ. ಇದು ನನಗೆ ಗೊತ್ತಿರಲಿಲ್ಲ. ಹೊರಗೆ ಬಂದರೆ ಅಪ್ಪ ಆರಾಮಕುರ್ಚಿಯಲ್ಲಿ ಕಾಲು ಚಾಚಿ, ನನ್ನ ಮೊಸರಿನ ಗಂಟನ್ನು ಮಂಡಿಗೆ ಪಂಚೆಯ ಚೂರಿನಿಂದ ಬಿಗಿದು ಕಟ್ಟಿಕೊಂಡು, ಕಣ್ಣು ಮುಚ್ಚಿ ಒರಗಿದ್ದರು.

"ಅಪ್ಪಾ, ಅದು..."

"ಮಾತಾಡ್ಸಬೇಡ" ಎಂದರು ಅಪ್ಪ, ಕಣ್ಣು ತೆರೆಯದೆ. "ಆರು ತಿಂಗಳಿಂದ ಮೈ ಸುಡೋ ಔಷಧಿ ಕೊಟ್ಟ. ಇವತ್ತು ಕಂಡ್ತು ನೋಡು ಪಂಡಿತನ ಕೈಗುಣ. ಎಂತಾ ತಂಪು!"

ಅಮ್ಮ ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅಪ್ಪನ ಮುಖದ ನೆಮ್ಮದಿ ನೋಡಿ ನನಗೂ ನಿಜ ಹೇಳಲು ಬಾಯಿ ಬರಲಿಲ್ಲ.

ನೋವು ಹೋಯಿತೋ ಇಲ್ಲವೋ ತಿಳಿಯದು. ಮನೆಯ ಬೆಕ್ಕು ಮಾತ್ರ ಮೂರು ದಿನ ಅಪ್ಪನ ಮಂಡಿ ಬಿಟ್ಟು ಕದಲಲಿಲ್ಲ.

೪. ತದಡಿಯ ತೀರ್ಪು

ಮರುದಿನ ಬೇರೆ ಮೊಸರು ಕಟ್ಟಿದೆ. ಈ ಸಲ ದೇವರ ಕೋಣೆಯಲ್ಲಿ ಕಟ್ಟಿದೆ, ಅಪ್ಪ ಅಲ್ಲಿ ಔಷಧಿ ಹುಡುಕುವುದಿಲ್ಲ. ಪಾಸ್ತಾ ಹತ್ತೇ ನಿಮಿಷ ಬೇಯಿಸಿದೆ. ಚಿಪ್ಪು ಚಿಪ್ಪಾಗಿಯೇ ಉಳಿಯಿತು. ಅನಾನಸು ಹೆಚ್ಚಿ, ದ್ರಾಕ್ಷಿ, ದೊಣ್ಣೆಮೆಣಸು, ಜೇನು, ಉಪ್ಪು, ಕಾಳುಮೆಣಸು ಎಲ್ಲ ಬೆರೆಸಿದಾಗ ಥೇಟು ಭಾಭಿಯ ಬಟ್ಟಲೇ ಎದುರಿಗೆ ಬಂದ ಹಾಗಾಯಿತು. ಆದರೆ ಮನೆಯವರು ಹೊಗಳಿದರೆ ನಂಬುವುದು ಹೇಗೆ? ಯಾರಾದರೂ ಹೊರಗಿನವರು ತಿನ್ನಬೇಕಿತ್ತು.

ಅಷ್ಟರಲ್ಲಿ ತದಡಿ ಬಂದರಿನಿಂದ ಮೀನು, ಬಳಚೆಂಬ ಚಿಪ್ಪುಮೀನು ತರುವ ಹೆಂಗಸು ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತಳು. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಬರುವವಳು, ಬಾಯಿಗೆ ಬೀಗ ಇಲ್ಲ. ಅವಳಿಗಿಂತ ಒಳ್ಳೆಯ ನ್ಯಾಯಾಧೀಶರು ಸಿಗುವುದಿಲ್ಲ ಎಂದು ಒಂದು ತಟ್ಟೆ ತುಂಬ ಕೊಟ್ಟೆ.

ಅವಳು ಒಂದು ಚಿಪ್ಪು ಎತ್ತಿದಳು. ಬೆಳಕಿಗೆ ಹಿಡಿದಳು. ಕಿರುಬೆರಳನ್ನು ಒಳಗೆ ತೂರಿಸಿ ತಡಕಿದಳು. ಏನೂ ಸಿಗಲಿಲ್ಲ. ಬಾಯಿಗೆ ಹಾಕಿದಳು. ಮತ್ತೊಂದು ಎತ್ತಿದಳು, ಮತ್ತೆ ಒಳಗೆ ತಡಕಿ ನೋಡಿಯೇ ತಿಂದಳು. ಹೀಗೆ ತಟ್ಟೆ ಪೂರ್ತಿ ಖಾಲಿಯಾಯಿತು. ನಾನು ತಟ್ಟೆ ಇಸಿದುಕೊಂಡೆ.

"ಹ್ಯಾಂಗದೆ?"

"ಹುಳಿ, ಸಿಹಿ ಎಲ್ಲ ಸಮಾ ಅದೆ" ಎಂದು ಬಾಯಿ ಒರೆಸಿಕೊಂಡಳು. "ಇದು ಎಲ್ಲಿದು?"

"ದುಬೈಯಿಂದ ಬಂದದ್ದು."

ಅವಳಿಗೆ ನನ್ನ ಮೇಲೆ ಕನಿಕರ ಬಂತು. "ಅಲ್ಲ ಬಾಯಿ, ನಾವಿಲ್ಲಿ ಬಳಚು ತಿಂದು ಚಿಪ್ಪು ಹೊಳಿಗೆ ಬಿಸಾಡ್ತೆವು. ಅವ್ರು ಬಳಚೆಲ್ಲ ತಿಂದು ಚಿಪ್ಪು ಕಳ್ಸಿದ್ರೆ ನೀವು ಸುಮ್ನೇ ಇಟ್ಕಂಡ್ರಾ?"

೫. ಎಲೆಯ ಮೇಲೆ ಜಾಗ

ಪೂಜೆಯ ದಿನ ಬಂತು. ಬೆಳಿಗ್ಗೆ ಹೊಸದಾಗಿ ಮಾಡಿದ ಪಾಸ್ತಾವನ್ನು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹೊನ್ನಾವರದ ಅಡುಗೆಮನೆಯ ಹೊಸಿಲು ದಾಟಿದೆ. ದೊಡ್ಡಕ್ಕ ಮುಚ್ಚಳ ತೆಗೆದು ನೋಡಿದರು.

"ಎಂತ ಇದು? ಸಿಹಿಯಾ, ಖಾರವಾ?"

"ಎರಡೂ."

"ಎರಡೂ ಆದ್ರೆ ಎಲೆ ಮೇಲೆ ಎಲ್ಲಿ ಬಡಿಸೂದು?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಾಳೆ ಎಲೆಯಲ್ಲಿ ಎಲ್ಲದಕ್ಕೂ ಅದರದರ ಜಾಗ ಇರುತ್ತದೆ. ಎಡತುದಿಗೆ ಉಪ್ಪು, ಉಪ್ಪಿನಕಾಯಿ, ಅದರ ಪಕ್ಕ ಕೋಸಂಬರಿ, ಪಲ್ಯ. ಬಲಗಡೆ ಪಾಯಸ. ನಡುವೆ ಅನ್ನ. ನನ್ನ ಪಾಸ್ತಾ ಅತ್ತ ಉಪ್ಪಿನಕಾಯಿಯ ನೆಂಟನೂ ಅಲ್ಲ, ಇತ್ತ ಪಾಯಸದ ಮಗನೂ ಅಲ್ಲ.

ಬಡಿಸುವ ಅಧಿಕಾರ ನನ್ನ ಮಾವನ ಅಣ್ಣನದು, ಎಲ್ಲರಿಗೂ ಅವರು ದೊಡ್ಡಪ್ಪ. ಹೆಗಲಿಗೆ ಶಲ್ಯ ಏರಿಸಿ ಪಂಕ್ತಿಯ ಉದ್ದಕ್ಕೂ ಓಡಾಡುತ್ತ, ಪ್ರತಿ ಎಲೆಯ ಮುಂದೆ ನಿಂತು ಕೈ ಮುಗಿದು "ಸಾವಕಾಶ ಆಗ್ಲಿ" ಎಂದು ನಿಧಾನವಾಗಿ ಉಣ್ಣಲು ಉಪಚರಿಸುವುದು ಅವರ ಮೂವತ್ತು ವರ್ಷದ ರೂಢಿ. ವ್ಯಾಜ್ಯ ಅವರ ಮುಂದೆ ಹೋಯಿತು. ಹಿರಿಯರ ಪಂಕ್ತಿ ಆಗಲೇ ಎಲೆಯ ಮುಂದೆ ಕೂತಿತ್ತು. ಅವರೂ ಬಾಯಿ ಹಾಕಿದರು.

"ಅನಾನಸು ಅದೆ, ಪಾಯಸದ ಬದಿಗೆ ಹಾಕಿ" ಎಂದರು ಒಬ್ಬರು.

"ಮೆಣಸು ಅದೆ, ಉಪ್ಪಿನಕಾಯಿ ಬದಿಗೆ" ಎಂದರು ಇನ್ನೊಬ್ಬರು.

"ಮೊಸರು ಹಾಕಿದ್ದು ಯಾವಾಗ್ಲೂ ಕಡೆಗೆ" ಎಂದರು ದೊಡ್ಡಕ್ಕ. ಕಡೆಗೆ ಎಂದರೆ ಎಲ್ಲರೂ ತೇಗಿದ ಮೇಲೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಭಟ್ಟರನ್ನೇ ಕೇಳೋಣ ಎಂದು ಯಾರೋ ಅಂದರು. ಭಟ್ಟರು ಡಬ್ಬಿಯನ್ನೊಮ್ಮೆ ನೋಡಿ, "ಕಾಯ್ಕಿಣಿಯಲ್ಲಿ ಇನ್ನೊಂದು ಪೂಜೆ ಉಂಟು" ಎಂದು ಚಪ್ಪಲಿ ಮೆಟ್ಟಿಕೊಂಡರು.

ನನಗೆ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ದೊಡ್ಡಪ್ಪ ನನ್ನ ಮುಖ ನೋಡಿದರು. "ಎರಡು ಬದಿಗೂ ಸೇರದ್ದು ನಡುವೆ. ನಡುವೆ ಬಡಿಸಿ!" ಎಂದು ತೀರ್ಪು ಕೊಟ್ಟೇಬಿಟ್ಟರು.

ಅನ್ನದ ಜಾಗ! ದೊಡ್ಡಕ್ಕನ ಸಾರಿಗೂ ಮೊದಲು, ಎಲೆಯ ನಟ್ಟನಡುವೆ ಎರಡೆರಡು ಸೌಟು ನನ್ನ ಪಾಸ್ತಾ ಬಿತ್ತು. ಮುಂದೇನಾಗುತ್ತದೆ ಎಂದು ದೊಡ್ಡಪ್ಪನೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನಡುವೆ ಪಾಸ್ತಾ ಇರುವವರೆಗೆ ಅನ್ನ ಹಾಕಲು ಬರುವುದಿಲ್ಲ. ಅನ್ನ ಬೇಕಾದವರು ಅದನ್ನು ಮುಗಿಸಲೇಬೇಕು. ಹೊಟ್ಟೆ ಹಸಿದಿತ್ತು, ಎಲ್ಲರೂ ಐದೇ ನಿಮಿಷದಲ್ಲಿ ಬಳಿದು ತಿಂದು ತಲೆ ಎತ್ತಿದರು.

ಒಬ್ಬರು ಮಾತ್ರ ಎತ್ತಲಿಲ್ಲ, ನನ್ನ ಅತ್ತೆ. ಪಂಕ್ತಿಯ ಮೊದಲ ಎಲೆ ಅವರದು, ಅನ್ನ ಮೊದಲ ಎಲೆಯಿಂದಲೇ ಶುರುವಾಗಬೇಕು ಎಂಬುದು ಆ ಮನೆಯ ಪದ್ಧತಿ. ಅತ್ತೆಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಮೆತ್ತಗೆ, ತಣ್ಣಗೆ, ಸಿಹಿಯೂ ಖಾರವೂ ಆದ ಚಿಪ್ಪನ್ನು ಒಂದೊಂದಾಗಿ ಬಾಯಿಗಿಟ್ಟು, ಈ ದವಡೆಯಿಂದ ಆ ದವಡೆಗೆ ದಾಟಿಸಿ, ಕಣ್ಣು ಅರೆಮುಚ್ಚಿ ಸವಿಯುತ್ತಿದ್ದರು. ಅನ್ನದ ಪಾತ್ರೆ ಹಿಡಿದ ದೊಡ್ಡಕ್ಕ ಎದುರಿಗೇ ನಿಂತಿದ್ದರು. ಇಡೀ ಪಂಕ್ತಿ ಅತ್ತೆಯ ದವಡೆಯನ್ನೇ ನೋಡುತ್ತಿತ್ತು. ಕಾಲು ಗಂಟೆ ಕಳೆಯಿತು. ಕಡೆಯ ಚಿಪ್ಪು ಇಳಿಯಿತು. ದೊಡ್ಡಕ್ಕ ಅನ್ನದ ಸೌಟು ಮೇಲೆತ್ತಿದರು. ಅತ್ತೆ ಎಲೆಗೆ ಕೈ ಅಡ್ಡ ಹಿಡಿದರು.

"ಇದನ್ನ ಯಾರು ಮಾಡಿದ್ದು?"

"ಕಿರಿಯವಳು" ಎಂದರು ದೊಡ್ಡಕ್ಕ, ಬೇರೆಲ್ಲೋ ನೋಡುತ್ತ.

"ಇನ್ನೊಂದು ಸಲ ಬಡಿಸು."

ಪಂಕ್ತಿಯಲ್ಲಿ ಎದ್ದ ನರಳಾಟ ನನ್ನ ಕಿವಿಗೆ ಮಂಗಳವಾದ್ಯದಂತೆ ಕೇಳಿಸಿತು. ಎಂಟು ವರ್ಷ ಕಾದಿದ್ದೆನಲ್ಲ! ಓಡಿ ಹೋಗಿ, ಎರಡು ಸೌಟು ಸಾಲದೆಂದು ಮೂರು ಸೌಟು ಬಡಿಸಿದೆ. ಅತ್ತೆ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು.

ಆ ಹೊತ್ತಿಗೆ ದೊಡ್ಡಪ್ಪ ರೂಢಿಯಂತೆ ಮೊದಲ ಎಲೆಯ ಮುಂದೆ ಬಂದು ನಿಂತರು. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಕೈ ಮುಗಿದು, "ಸಾವಕಾಶ ಆಗ್ಲಿ" ಎಂದರು.

"ಬೇಡ!" ಎಂದು ಇಡೀ ಪಂಕ್ತಿ ಒಟ್ಟಿಗೆ ಕೂಗಿತು.

"ಆತು" ಎಂದರು ಅತ್ತೆ ದೊಡ್ಡಪ್ಪನಿಗೆ. ಎಲೆಯ ಮೇಲೆ ಎಲ್ಲಕ್ಕಿಂತ ಚಿಕ್ಕ ಚಿಪ್ಪು ಯಾವುದೆಂದು ಹುಡುಕಿ, ಅದೊಂದನ್ನೇ ಬಾಯಿಗಿಟ್ಟುಕೊಂಡರು.