ಆಂಗ್ರಿ ಅಂಬ್ರೆಲಾಸ್ ಮತ್ತು ಅಟ್ಟದ ಕಾಯಿ

ತೋಂಟದಾರ್ಯನಿಗೆ ಬಾಡಿಗೆ ಕೋಣೆ ಕೊಡುವಾಗ ವೀರಭದ್ರಯ್ಯನವರು ಹಾಕಿದ್ದು ಒಂದೇ ಷರತ್ತು: ಹಾಡು ಗೀಡು ಕೂಡದು. ತೋಂಟದಾರ್ಯ ತಲೆಯಾಡಿಸಿದ್ದ. ತಿಪಟೂರಿನ ಕೊಬ್ಬರಿ ಮಂಡಿಯ ಗುಮಾಸ್ತ, ಅದರಲ್ಲೂ ಮದುವೆಯಾಗದವನು. ಪೇಟೆಯಲ್ಲಿ ಯಾರೂ ಮನೆ ಕೊಡದೆ ಹತ್ತಿರದ ಹಳ್ಳಿ ಬಿಳಿಗೆರೆಗೆ ಬಂದು ಬಿದ್ದಿದ್ದ. ಈ ಕೋಣೆಯೂ ಹೋದರೆ ಬಸ್ ಸ್ಟ್ಯಾಂಡೇ ಗತಿ.

ಆದರೆ ಪಾಪ, ಅವನಿಗೊಂದು ಹುಚ್ಚಿತ್ತು. ತಂತಿ ಕಿತ್ತುಹೋಗುವ ಹಾಗೆ ಗಿಟಾರು ಬಾರಿಸುವ ರಾಕ್, ಗಂಟಲು ಹರಿಯುವ ಹಾಗೆ ಕಿರುಚುವ ಪಂಕ್ ಅಂದರೆ ಪ್ರಾಣ. ಇಡೀ ತಾಲ್ಲೂಕಿನಲ್ಲಿ ಈ ಹುಚ್ಚಿಗೆ ಜೊತೆ ಅಂದರೆ ರೇಡಿಯೋ ರಿಪೇರಿಯ ನಿಜಾಮುದ್ದೀನ್ ಒಬ್ಬನೇ. ಅವನ ಭಾವ ಬೊಂಬಾಯಿಯಿಂದ ಕ್ಯಾಸೆಟ್ಟು ಕಳಿಸುತ್ತಿದ್ದ. ಡಿಸೆಂಬರ್ ಬಂತೆಂದರೆ ಇಬ್ಬರೂ ಸೇರಿ ಆ ವರ್ಷದ ಒಳ್ಳೆಯ ಆಲ್ಬಮ್ ಯಾವುದೆಂದು ತೀರ್ಪು ಕೊಡುತ್ತಿದ್ದರು. ಕೊಡಿ ಅಂತ ಕೇಳಿದವರು ಯಾರೂ ಇಲ್ಲ, ಅದು ಬೇರೆ ಮಾತು.

ಎಂಬತ್ತೆರಡರ ಕೊನೆಯ ಭಾನುವಾರ ನಿಜಾಮುದ್ದೀನ್ ಒಂದು ಟೇಪ್ ರೆಕಾರ್ಡರನ್ನೂ 'ಆಂಗ್ರಿ ಅಂಬ್ರೆಲಾಸ್' ಎಂಬ ಹೊಸ ತಂಡದ ಕ್ಯಾಸೆಟ್ಟನ್ನೂ ಅವನ ಕೈಗಿಟ್ಟು, "ಸಂಜೆಗೆ ತಂದ್ಬುಡಪ್ಪ, ಗಿರಾಕಿ ಸೆಟ್ಟು. ಹಂಗೇ ನಿನ್ ತೀರ್ಪೂ ತಗಂಡ್ ಬಾ" ಅಂದ.

ಕುತೂಹಲ ಷರತ್ತು ಕೇಳುತ್ತದೆಯೇ? ಮಧ್ಯಾಹ್ನ ಮನೆಯವರು ಉಂಡು ಅಡ್ಡಾದ ಮೇಲೆ ಬಾಗಿಲು ಹಾಕಿಕೊಂಡು ಸಣ್ಣಗೆ ಟೇಪು ಹಾಕಿದ. ಹಾಡುವವರ ದನಿ ಕೋಣೆ ದಾಟಲಿಲ್ಲ. ಡ್ರಮ್ಮು ದಾಟಿತು.

ಕೋಣೆಯ ಮೇಲೇ ಅಟ್ಟ. ಅಟ್ಟದ ತುಂಬ ವರ್ಷದಿಂದ ಒಣಗಿದ ತೆಂಗಿನಕಾಯಿ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿತ್ತು, ಮುಟ್ಟಿದರೆ ಸಾಕು ಗಡಗಡ ಅನ್ನುತ್ತಿತ್ತು. ನಡುಮನೆಯಲ್ಲಿ ಮಲಗಿದ್ದ ಸುವರ್ಣಮ್ಮ ಗಂಡನನ್ನು ತಿವಿದರು. "ಏಳ್ರೀ, ಅಟ್ಟದ ಮ್ಯಾಲೆ ಯಾರೋ ಕಾಯಿ ಉಳ್ಳಿಸ್ತಾವ್ರೆ."

ಮನೆಯೆಲ್ಲ ಕೂಗಾಯಿತು. ತೋಂಟದಾರ್ಯ ಟೇಪು ನಿಲ್ಲಿಸಿದ. ಪಕ್ಕದ ಮನೆಯ ದಾಯಾದಿ ಶಂಭುಲಿಂಗಯ್ಯ ದೊಣ್ಣೆ ಹಿಡಿದು ಬಂದು ಅಟ್ಟ ಹತ್ತಿದ. "ಕತ್ಲು ಕಣಣ್ಣ" ಎಂದು ಹಿತ್ತಲ ಕಡೆಯ ಕಿಟಕಿ ತೆರೆದ. ಕಾಯಿಯನ್ನೆಲ್ಲ ಒಂದು ಸುತ್ತು ನೋಡಿ ಇಳಿದ.

"ಯಾರೂ ಇಲ್ಲ. ಕಾಯಿ ಮಾತ್ರ ಭೇಷಾಗಿ ಒಣಗವೆ" ಎಂದು ಹೇಳಿ ಹೋದ.

ತೋಂಟದಾರ್ಯ ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಅರ್ಧ ಕೇಳಿ ತೀರ್ಪು ಕೊಡುವುದು ಹೇಗೆಂದು ಮತ್ತೆ ಹಾಕಿದ. ಮತ್ತೆ ಗಡಗಡ, ಮತ್ತೆ ಕೂಗು. ಈ ಸಲ ಎದುರುಮನೆಯ ಪುಟ್ಟಗಂಗಮ್ಮ ಓಡಿಬಂದಳು.

"ಕಳ್ಳ ಅಲ್ಲ ಕಣಕ್ಕ, ಇದು ಪೀಡೆ. ಮದ್ವೆ ಆಗ್ದಿರೋರ್ನ ಕಂಡ್ರೆ ಮೊದ್ಲು ಮೈಮ್ಯಾಲೆ ಬರ್ತದೆ."

ವೀರಭದ್ರಯ್ಯ ಬಾಡಿಗೆಯವನನ್ನು ಕರೆದರು. "ತೋಂಟದಾರ್ಯ, ನೀನೇ ಹತ್ತಿ ಕಾವಲು ಕೂತ್ಕಳಪ್ಪ."

"ಪೀಡೆ ಬಂದ್ರೆ ಯಜಮಾನ್ರೇ?"

"ಅದುಕ್ಕೇ ನಿನ್ನ ಕಳಿಸ್ತಿರೋದು."

ತೋಂಟದಾರ್ಯ ಒಮ್ಮೆ ಅಟ್ಟದ ಕಡೆ, ಒಮ್ಮೆ ತನ್ನ ಕೋಣೆಯ ಕಡೆ ನೋಡಿದ. "ಪೀಡೆ ನನ್ ಕೋಣೇಲೈತೆ. ಅದು ಟೇಪು ಕಣ್ರೀ" ಎಂದು ಬಾಯಿಬಿಟ್ಟ.

"ಈಗ್ಲೇ ಖಾಲಿ ಮಾಡು" ಎಂದರು ವೀರಭದ್ರಯ್ಯ.

ಸುವರ್ಣಮ್ಮ ಬಿಡಲಿಲ್ಲ. "ತಡೀರಿ ಒಸಿ. ನಮ್ಮ ಕಾಯಿ ಹಂಗೇ ಗಡಗಡ ಅಂತದಲ್ಲ, ಅದೆಂಥ ಹಾಡು ಕೇಳಾನ. ಹಾಕಪ್ಪ."

ಎಲ್ಲರೂ ಕೋಣೆಯಲ್ಲಿ ಚಾಪೆ ಹಾಕಿ ಕೂತರು. ಅವನ ಸಂಗೀತಕ್ಕೆ ನಿಜಾಮುದ್ದೀನನ ಹೊರತು ಬೇರೆ ಕಿವಿ ಸಿಕ್ಕಿದ್ದು ಅದೇ ಮೊದಲು. ಖುಷಿಗೆ ಜೋರಾಗಿಯೇ ಹಾಕಿದ. ಸುವರ್ಣಮ್ಮ ಕಾಯಿ ಅಲ್ಲಾಡಿಸಿ ನೋಡುವವರ ಹಾಗೆ ಕಣ್ಣು ಮುಚ್ಚಿ ಕಿವಿಗೊಟ್ಟರು. ಮೊದಲ ಹಾಡಿಗೆ, "ಇದು ಹಸಿ. ಒಳಗೆ ನೀರೈತೆ" ಅಂದರು. ಎರಡನೆಯದಕ್ಕೆ, "ಅರ್ಧ ಬಿಟ್ಕಂಡೈತೆ." ತೋಂಟದಾರ್ಯ ಬೆರಗಾದ. ಅವನಿಗೂ ಹಾಗೇ ಅನ್ನಿಸಿತ್ತು.

ಮೂರನೆಯ ಹಾಡಿನ ನಡುವೆ ಕಿರುಚಾಟ ಥಟ್ಟನೆ ನಿಂತು ಬರೀ ಡ್ರಮ್ಮು ಉಳಿಯಿತು. ಗಡಗಡ, ಒಂದಿಷ್ಟು ಮೌನ, ಮತ್ತೆ ಗಡಗಡ.

"ಇದಪ್ಪ ಹಾಡು ಅಂದ್ರೆ. ಪೂರ್ತಿ ಒಣಗೈತೆ" ಎಂದರು ಸುವರ್ಣಮ್ಮ. ಪುಟ್ಟಗಂಗಮ್ಮ ತಲೆದೂಗಿದಳು. ವೀರಭದ್ರಯ್ಯನವರ ಬೆರಳು ತಾವಾಗಿಯೇ ಮಂಡಿಯ ಮೇಲೆ ತಾಳ ಹಾಕಿದವು. ತೋಂಟದಾರ್ಯನ ಮೈ ಜುಮ್ಮೆಂದಿತು. ಒಂದು ಪೆಟ್ಟು ಇನ್ನೊಂದರ ಹಾಗಿಲ್ಲ, ಲೆಕ್ಕಕ್ಕೇ ಸಿಗದ ತಾಳ. ಈ ವರ್ಷದ ಆಲ್ಬಮ್ ಇದೇ ಎಂದು ಅಲ್ಲೇ ತೀರ್ಮಾನಿಸಿದ.

"ಇಂಥದಾದ್ರೆ ಇರ್ಲಿ ಬುಡು, ಕೋಣೇಲೇ ಇರು" ಎಂದರು ವೀರಭದ್ರಯ್ಯ. "ಒಸಿ ಜೋರು ಮಾಡು."

ತೋಂಟದಾರ್ಯ ತಿರುಪು ತಿರುಗಿಸಿದ. ಜೋರಾಗಲಿಲ್ಲ. ಕೊನೆಯವರೆಗೂ ತಿರುಗಿಸಿದ, ಆದರೂ ಇಲ್ಲ. ಬಗ್ಗಿ ನೋಡಿದರೆ ಟೇಪಿನ ಕೆಂಪು ದೀಪ ಆರಿದೆ, ಕ್ಯಾಸೆಟ್ಟು ತಿರುಗುತ್ತಿಲ್ಲ. ಕರೆಂಟು ಹೋಗಿ ಎಷ್ಟು ಹೊತ್ತಾಗಿತ್ತೋ.

ಗಡಗಡ ಮಾತ್ರ ನಡೆದೇ ಇತ್ತು.

ನಾಲ್ವರೂ ಬಿದ್ದು ಎದ್ದು ಅಟ್ಟ ಹತ್ತುವಷ್ಟರಲ್ಲಿ ಅದೂ ನಿಂತಿತು. ಅರ್ಧ ಅಟ್ಟ ಬರಿದಾಗಿತ್ತು. ಹಿತ್ತಲ ಕಿಟಕಿಗೆ ಒಂದು ಏಣಿ ಆತುಕೊಂಡಿತ್ತು, ಅದರ ಬುಡ ಶಂಭುಲಿಂಗಯ್ಯನ ಹಿತ್ತಲಲ್ಲಿತ್ತು. ಎರಡನೆಯ ಸಲ ಕೂಗಿದಾಗ ಅವನು ಬಂದೇ ಇರಲಿಲ್ಲ ಎಂಬುದು ಎಲ್ಲರಿಗೂ ಆಗ ಹೊಳೆಯಿತು. ವೀರಭದ್ರಯ್ಯನವರ ಸಿಟ್ಟಿಗೆ ದಾಯಾದಿ ಎಟುಕಲಿಲ್ಲ, ಬಾಡಿಗೆಯವನು ಎಟುಕಿದ.

ಸಂಜೆ ಸೈಕಲ್ಲಿಗೆ ಹಾಸಿಗೆ, ಟ್ರಂಕು, ಟೇಪು ಎಲ್ಲ ಕಟ್ಟಿಕೊಂಡು ತೋಂಟದಾರ್ಯ ರಿಪೇರಿ ಅಂಗಡಿಯ ಮುಂದೆ ಇಳಿದ. ನಿಜಾಮುದ್ದೀನ್ ಹಾಸಿಗೆಯ ಕಡೆ ನೋಡಲೇ ಇಲ್ಲ.

"ತೀರ್ಪು ಏನ್ಲಾ? ಈ ವರ್ಷದ್ದು ಆಂಗ್ರಿ ಅಂಬ್ರೆಲಾಸೇ ತಾನೆ?"

"ಅಲ್ಲ ಕಣ್ಲಾ" ಎಂದ ತೋಂಟದಾರ್ಯ, ಸುಳ್ಳು ಹೇಳಲು ಮನಸ್ಸು ಬಾರದೆ. "ಶಂಭುಲಿಂಗಯ್ಯ."

"ಅದ್ಯಾವ ತಂಡ? ಎಲ್ಲೀದು?"

"ಬಿಳಿಗೆರೇದು."